ಮಾರ್ಕ್ ಕಬ್ಬನ್ನನ ಆಡಳಿತ: ಒಂದು ಪುನರ್ವಿಮರ್ಶೆ

ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಆ ಉದ್ಯಾನವನ್ನು ಕಬ್ಬನ್ನನು ನಿರ್ಮಿಸಲಿಲ್ಲವೆಂಬುದು ಮಾತ್ರ ಅನೇಕರಿಗೆ ತಿಳಿಯದು. ಅವನು ಕಾಲವಾದ 9 ವರ್ಷಗಳ ಮೇಲೆ, 1870ರಲ್ಲಿ, ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ಅದು ರೂಪುಗೊಂಡಿತು. ಮೊದಲು ಮೀಡ್ಸ್ ಪಾರ್ಕ್ ಎಂಬ ಹೆಸರನ್ನು ಪಡೆದಿತ್ತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅದಕ್ಕೆ ಪುನರ್ನಾಮಕರಣವಾಯಿತು. ಇಷ್ಟಾದರೂ ಜನರ ನಾಲಗೆಯ ಮೇಲೆ ಉಳಿದಿರುವುದು ಕಬ್ಬನ್ನನ ಹೆಸರೇ. ಒಬ್ಬ ಪರದೇಶೀಯ ಸೇನಾಧಿಕಾರಿಯ ಹೆಸರು ಹೀಗೆ ನಮ್ಮ ನಿತ್ಯವ್ಯವಹಾರದ ಮಾತಾಗಿ ನಿಂತಿರುವಾಗ, ಅವನು ಈ ನಾಡಿನಲ್ಲಿ ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದನ್ನು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಾಗುತ್ತದೆ.

ಕಬ್ಬನ್ನನ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಹಾಳಾಗಿದ್ದ ಸಂಸ್ಥಾನವನ್ನು ಉದ್ಧರಿಸಿದ ಮಹನೀಯನೆಂದು ಆಂಗ್ಲ ಲೇಖಕರು ಅವನನ್ನು ಹೊಗಳಿದ್ದಾರೆ. ಅರಸರ ಅಧಿಕಾರವನ್ನು ಅನ್ಯಾಯವಾಗಿ ಕಸಿದುಕೊಂಡ ಕಂಪನಿ ಸರ್ಕಾರದ ಕೈಯಾಳೆಂದು ಇನ್ನು ಕೆಲವರು ತೆಗಳಿದ್ದಾರೆ. ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ವಾದಿಸುವುದು ನಮ್ಮ ಉದ್ದೇಶವಲ್ಲ. ಸೈನ್ಯದಲ್ಲಿ 30 ವರ್ಷಕ್ಕೂ ಮೇಲ್ಪಟ್ಟು ಸೇವೆ ಸಲ್ಲಿಸಿದವನೊಬ್ಬನು, ಜೀವನದ ಇಳಿವಯಸ್ಸಿನಲ್ಲಿ ಒಂದು ನಾಡಿನ ಸಮಸ್ತ ಆಡಳಿತದ ಹೊಣೆಯನ್ನು ಹೊತ್ತಾಗ ಅದನ್ನು ಹೇಗೆ ನಿರ್ವಹಿಸಿದನು, ಅವನ ಸಫಲತೆಗೆ ಮೂಲವಾವುದು, ಆ ಸಫಲತೆಯಿಂದ ಯಾವ ಹಕ್ಕು ಸಿದ್ಧವಾಯಿತು ಎಂಬ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ.

1. ಸೈನಿಕ ಜೀವನ

ಮಾರ್ಕ್ ಕಬ್ಬನ್ನನು ಐರಿಷ್ ಸಮುದ್ರದ ನಡುವೆ ಇರುವ ಮ್ಯಾನ್ ದ್ವೀಪದವನು. ಅವನ ತಂದೆ ಆ ದ್ವೀಪದ ಮಾಗೋಲ್ಡ್ ಎಂಬ ಗ್ರಾಮದಲ್ಲಿ ಪಾದ್ರಿಯಾಗಿದ್ದನು. ಮೈಸೂರಿನ ಇತಿಹಾಸವನ್ನು ಓದಿದವರಿಗೆಲ್ಲ ಪರಿಚಿತನಾದ ಮಾರ್ಕ್ ವಿಲ್ಕ್ಸನು ಕಬ್ಬನ್ನನಿಗೆ ಸೋದರಮಾವ. ದಕ್ಷಿಣ ಭಾರತದ ಚರಿತ್ರೆಯನ್ನು ಬರೆದು ಹೆಸರಾದ ಈ ವಿಲ್ಕ್ಸನು ಮೈಸೂರಿನಲ್ಲಿ ರೆಸಿಡೆಂಟನ ಕೆಲಸವನ್ನೂ ಮಾಡಿದ್ದನು. ಹೀಗೆ ಕಬ್ಬನ್ನನಿಗೆ ಮೈಸೂರಿನ ಸಂಬಂಧವು ಮನೆತನದಿಂದಲೇ ಬಂದುದೆನ್ನಬಹುದು. 1800ರಲ್ಲಿ, ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಅವನು ಮದರಾಸಿನ ಕಾಲಾಳು ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ ಭಾರತಕ್ಕೆ ಬಂದನು. ಅಲ್ಲಿಂದ ಮುಂದೆ ಸುಮಾರು 60 ವರ್ಷ ಕಾಲ ಈ ದೇಶವೇ ಅವನ ಮನೆಯಾಯಿತು.

ಕಬ್ಬನ್ನನ ಸೈನಿಕ ಜೀವನದಲ್ಲಿ ಗಮನಾರ್ಹವಾದ ಅಂಶವೊಂದುಂಟು. ಅವನು ಹೆಸರು ಗಳಿಸಿದುದು ರಣರಂಗದಲ್ಲಿ ಅಲ್ಲ. ಸೈನ್ಯಕ್ಕೆ ದವಸಧಾನ್ಯ, ಎತ್ತು, ಗಾಡಿ, ಡೇರೆಗಳನ್ನು ಒದಗಿಸುವ ಕಮಿಸರಿಯಟ್ ಇಲಾಖೆಯಲ್ಲಿ. ಮೆಟ್ಟಲು ಮೆಟ್ಟಲಾಗಿ ಏರಿ ಅವನು ಮದರಾಸು ಸೈನ್ಯದ ಕಮಿಸರಿ ಜನರಲ್ ಪದವಿಗೆ ಬಂದನು. ಈ ಇಲಾಖೆಯ ಕೆಲಸವು ಎಂಥದೆಂಬುದನ್ನು ನೆನೆದರೆ ಅವನ ಮುಂದಿನ ಆಡಳಿತದ ಸ್ವರೂಪವು ಸ್ಪಷ್ಟವಾಗುತ್ತದೆ. ದಂಡು ಹೊರಡುವ ದಾರಿಯಲ್ಲಿ ಯಾವ ಊರಿನಲ್ಲಿ ರಾಗಿ ಸಿಕ್ಕೀತು, ಯಾವ ಹೊಳೆ ಯಾವ ತಿಂಗಳಲ್ಲಿ ದಾಟಲಸಾಧ್ಯ, ಯಾವ ಘಟ್ಟದಲ್ಲಿ ಗಾಡಿ ಹತ್ತೀತು, ಯಾವ ಸುಂಕದ ಕಟ್ಟೆಯಲ್ಲಿ ದವಸದ ಬೆಲೆ ಏರೀತು ಎಂಬುದನ್ನೆಲ್ಲ ಕಮಿಸರಿಯಟಿನ ಅಧಿಕಾರಿಯು ಬಲ್ಲವನಾಗಿರಬೇಕು. ಲೆಕ್ಕದಲ್ಲಿ ಕಟ್ಟುನಿಟ್ಟು, ವರ್ತಕನೊಡನೆ ವ್ಯವಹಾರಜ್ಞಾನ, ರೈತನೊಡನೆ ಸಹನೆ ಇವು ಅವನಿಗೆ ಅಗತ್ಯ. ಮೈಸೂರಿನ ಸುಪ್ರಸಿದ್ಧ ಅಮೃತಮಹಲಿನ ಎತ್ತುಗಳನ್ನು ಮದರಾಸು ಸೈನ್ಯವು ಬಹುಕಾಲ ಅವಲಂಬಿಸಿದ್ದಿತು. ಆದುದರಿಂದ ಆ ಇಲಾಖೆಯವರಿಗೆ ಮೈಸೂರು ಎಂಬುದು ಕೇವಲ ನಕ್ಷೆಯ ಮೇಲಣ ಹೆಸರಾಗಿರಲಿಲ್ಲ.

2. ನಗರದ ದಂಗೆ ಮತ್ತು 1833ರ ವರದಿ

1799ರ ಒಪ್ಪಂದದಂತೆ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದರು. ದಿವಾನ್ ಪೂರ್ಣಯ್ಯನವರು ಅಂದಿನಿಂದ ರಾಜ್ಯಭಾರವನ್ನು ದಕ್ಷತೆಯಿಂದ ನಡೆಸಿ ಬೊಕ್ಕಸವನ್ನು ತುಂಬಿಸಿದರು. ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಕಂಪನಿಗೆ ಪ್ರತಿವರ್ಷವೂ 7 ಲಕ್ಷ ಸ್ಟಾರ್ ಪಗೋಡ, ಎಂದರೆ 24½ ಲಕ್ಷ ರೂಪಾಯಿ, ಪೊಗದಿಯನ್ನು ತೆರಬೇಕಾಗಿದ್ದಿತು. ಈ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಘಟನೆಗಳನ್ನು ಅರಿಯಬೇಕು.

ಪೂರ್ಣಯ್ಯನವರ ನಿವೃತ್ತಿಯಾದ ಮೇಲೆ ಶರ್ತಿ ಎಂಬ ಪದ್ಧತಿಯು ಬಲಗೊಂಡಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯವನ್ನು ಸರ್ಕಾರಕ್ಕೆ ಸಲ್ಲಿಸುವೆನೆಂದು ಕರಾರು ಬರೆದುಕೊಡುವುದು, ಕಡಮೆಯಾದರೆ ತಾನೇ ತುಂಬಿಕೊಡುವುದು, ಇದು ಅದರ ತಿರುಳು. ಹೀಗಾದಾಗ ಕರಾರಿನ ಭಾರವೆಲ್ಲ ಕಡೆಗೆ ರೈತನ ತಲೆಯ ಮೇಲೆಯೇ ಬೀಳುವುದು ಸಹಜ. ಮಲೆನಾಡಿನ ನಗರ ಪ್ರಾಂತದಲ್ಲಿ 1830ರಲ್ಲಿ ರೈತರು ಕೂಟಗಳನ್ನು ಕಟ್ಟಿ ಕಂದಾಯವನ್ನು ನಿಲ್ಲಿಸಿದರು. ಬೂದಿ ಬಸವಪ್ಪನು ತಾನೇ ನಗರದ ಅರಸುತನಕ್ಕೆ ಹಕ್ಕುಳ್ಳವನೆಂದು ಸಾರಿದನು. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನು ಅವನೊಡನೆ ಕೂಡಿಕೊಂಡನು. ಕಂಪನಿಯ ಸೈನ್ಯದ ನೆರವಿನಿಂದ ದಂಗೆಯು ಅಡಗಿತು. ಆದರೆ ಅದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು 1831ರಲ್ಲಿ ಸಂಸ್ಥಾನದ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡು ಕಮಿಷನರುಗಳಿಗೆ ವಹಿಸಿದನು. ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ ಹಾಗೂ ನಿವ್ವಳ ಆದಾಯದ ಐದನೆಯ ಒಂದು ಭಾಗವು ನಿಗದಿಯಾಯಿತು.

ದಂಗೆಯ ಕಾರಣಗಳನ್ನು ಶೋಧಿಸುವುದಕ್ಕಾಗಿ ಒಂದು ವಿಚಾರಣಾ ಸಮಿತಿಯು ನೇಮಕವಾಯಿತು. ಹಾಕರ್, ಮಾರಿಸನ್, ಮೆಕ್ಲಿಯಡ್ ಮತ್ತು ಕಬ್ಬನ್ ಈ ನಾಲ್ವರು ಅದರ ಸದಸ್ಯರು. ನಮ್ಮ ಕಥಾನಾಯಕನು ಮೈಸೂರಿನ ರಾಜಕೀಯದೊಳಗೆ ಕಾಲಿಟ್ಟುದು ಹೀಗೆ. ಸಮಿತಿಯು 1833ರ ಕೊನೆಯಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಆಡಳಿತದಲ್ಲಿ ದೋಷಗಳಿದ್ದುದನ್ನು ಅದು ಮುಚ್ಚಿಡಲಿಲ್ಲ. ಆದರೆ ಅರಸರ ಮೇಲೆ ಹೊರಿಸಿದ್ದ ಆಪಾದನೆಗಳಲ್ಲಿ ಎಷ್ಟೋ ಅತಿಶಯದಿಂದ ಕೂಡಿದ್ದುವೆಂಬ ಭಾವನೆಯು ಅದರಿಂದ ಬೆಂಟಿಂಕನಲ್ಲಿಯೇ ಮೂಡಿತು. ಕಂಪನಿಗೆ ಸಲ್ಲಬೇಕಾದ ಪೊಗದಿಯು ನಿಂತುಹೋಗುವ ಭಯವಿದ್ದಾಗ ಮಾತ್ರ, ಅದಕ್ಕೆ ಅವಶ್ಯವಾದಷ್ಟು ಭಾಗವನ್ನು ವಹಿಸಿಕೊಳ್ಳಬಹುದೆಂಬುದು ಒಪ್ಪಂದದ ಆಶಯವಾಗಿದ್ದಿತು. ಇಡೀ ಸಂಸ್ಥಾನವನ್ನು ವಹಿಸಿಕೊಂಡುದು ಅದಕ್ಕೆ ಹೊಂದುವುದೆ ಎಂಬ ಸಂದೇಹವು ಅವನನ್ನು ಕಾಡಿತು. ಮಂಜರಾಬಾದು, ಮೈಸೂರು, ಅಷ್ಟಗ್ರಾಮಗಳನ್ನು ಮಹಾರಾಜರಿಗೆ ಹಿಂದಿರುಗಿಸಿ ಉಳಿದುದನ್ನು ಮಾತ್ರ ಇಟ್ಟುಕೊಳ್ಳಬಹುದೆಂದು 1834ರಲ್ಲಿ ಅವನು ಸೂಚಿಸಿದನು. ಲಂಡನ್ನಿನ ಡೈರೆಕ್ಟರುಗಳು ಅದನ್ನು ಮರುವರ್ಷ ನಿರಾಕರಿಸಿದರು.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ನಾವು ಕಾಣುತ್ತೇವೆ. ಯಾವ ವರದಿಯು ಅರಸರ ಪದಚ್ಯುತಿಯ ಔಚಿತ್ಯವನ್ನು ಸಂದೇಹಕ್ಕೆ ಈಡುಮಾಡಿತೋ ಅದಕ್ಕೆ ಸಹಿ ಹಾಕಿದವರಲ್ಲಿ ಒಬ್ಬನೇ 1834ರಲ್ಲಿ ಮೈಸೂರಿನ ಕಮಿಷನರಾಗಿ ಬಂದು, ಮುಂದೆ 27 ವರ್ಷ ಆ ಅರಸರ ನಾಡನ್ನು ಆಳಿದನು.

3. ಹಳೆಯ ತಳಹದಿ, ಹೊಸ ಕಟ್ಟು

ಕಬ್ಬನ್ನನು ಅಧಿಕಾರಕ್ಕೆ ಬಂದಾಗ ಸಂಸ್ಥಾನದಲ್ಲಿ ಬೆಂಗಳೂರು, ಮಧುಗಿರಿ, ಚಿತ್ರದುರ್ಗ, ಅಷ್ಟಗ್ರಾಮ, ಮಂಜರಾಬಾದು, ನಗರ ಎಂಬ 6 ಫೌಜದಾರಿಗಳಿದ್ದುವು. ಇವುಗಳನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ 4 ವಿಭಾಗಗಳಾಗಿ ಮಾರ್ಪಡಿಸಿ, ಒಂದೊಂದಕ್ಕೂ ಒಬ್ಬ ಐರೋಪ್ಯ ಸೂಪರಿಂಟೆಂಡೆಂಟನನ್ನು ನೇಮಿಸಲಾಯಿತು. ಇವರಲ್ಲಿ ಹೆಚ್ಚಿನವರು ಸೈನ್ಯದಿಂದ ಬಂದವರು. ಚಿತ್ರದುರ್ಗ ವಿಭಾಗದ ಡಾಬ್ಸನು ಇಂಥವರಲ್ಲಿ ಒಬ್ಬನು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯ ದಾಬಸ್‌ಪೇಟೆಯು ಅವನ ಹೆಸರನ್ನೇ ಹೊತ್ತುಕೊಂಡಿತು. ಆಡಳಿತದ ಕೇಂದ್ರವು ಮೈಸೂರಿನಿಂದ ಬೆಂಗಳೂರಿಗೆ ಬಂದಿತು. ಟಿಪ್ಪುವಿನ ಅರಮನೆಯೇ ಬಹುಕಾಲ ಸರ್ಕಾರದ ಕಚೇರಿಯಾಗಿದ್ದಿತು. 1843ರಲ್ಲಿ ರೆಸಿಡೆಂಟನ ಹುದ್ದೆಯು ರದ್ದಾದ ಮೇಲೆ, ಕಲ್ಕತ್ತೆಯ ಸರ್ಕಾರಕ್ಕೂ ಮೈಸೂರಿನ ಪ್ರಜೆಗೂ ನಡುವೆ ಕಮಿಷನರೊಬ್ಬನೇ ಉಳಿದನು.

ಇಷ್ಟನ್ನೇ ನೋಡಿದರೆ ಎಲ್ಲವೂ ಹೊಸದಾಯಿತೆಂಬ ಭ್ರಮೆಯುಂಟಾಗಬಹುದು. ವಾಸ್ತವವಾಗಿ ಕಬ್ಬನ್ನನು ಕೈಹಚ್ಚಿದುದು ಮೇಲಣ ಅಂತಸ್ತಿಗೆ ಮಾತ್ರ. ಅಮಲ್ದಾರ, ಶಿರಸ್ತೇದಾರ, ಶೇಕದಾರ, ಶಾನುಭೋಗ, ಪಟೇಲ ಎಂಬ ಸೋಪಾನವು ಹಿಂದಿನಂತೆಯೇ ನಿಂತಿತು. ಕಂದಾಚಾರ, ಅಂಚೆ, ಅಮೃತಮಹಲು ಮೊದಲಾದ ಇಲಾಖೆಗಳು ಹಳೆಯ ಹೆಸರಿನಲ್ಲೇ ಮುಂದುವರಿದುವು. ಅಂಚೆಯ ವ್ಯವಸ್ಥೆಯು ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದುದು. ಅದು ಕಬ್ಬನ್ನನ ನಂತರವೂ ನಡೆದು, 1889ರಲ್ಲಿ ಭಾರತ ಸರ್ಕಾರದ ಅಂಚೆಯಲ್ಲಿ ಸೇರಿಹೋಯಿತು. ಲೆಕ್ಕಪತ್ರಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನಡೆದುವು. ಕೊಲ್ಲಂ ವೆಂಕಟರಾಯರು, ಕೋಲ ಕೃಷ್ಣಮ ನಾಯ್ಡು ಮುಂತಾದ ದೇಶೀಯ ಅಧಿಕಾರಿಗಳು ಕಮಿಷನರಿಗೆ ಕಣ್ಣೂ ಕಿವಿಯೂ ಆಗಿದ್ದರು. ಅಮಲ್ದಾರರು ನಡೆದುಕೊಳ್ಳಬೇಕಾದ ರೀತಿಯನ್ನು ವಿವರಿಸುವ ಹುಕುಂನಾಮೆಯು ಹೊರಟಿತು. ಅದರ ಮುಖ್ಯ ಧ್ಯೇಯವು ಹೊಸ ಶಾಸನಗಳನ್ನು ಹೇರುವುದಾಗಿರಲಿಲ್ಲ. ಇದ್ದ ಅಧಿಕಾರವು ಮಿತಿಮೀರದಂತೆ ತಡೆಯುವುದಾಗಿದ್ದಿತು.

ನ್ಯಾಯವಿಧಾನದಲ್ಲಿಯೂ ಇದೇ ನೀತಿಯನ್ನು ಕಾಣುತ್ತೇವೆ. ಅಮಲ್ದಾರ, ಮುನಸೀಫ, ಸೂಪರಿಂಟೆಂಡೆಂಟ್, ಹುಜೂರ್ ಅದಾಲತ್ತು, ಕಡೆಗೆ ಕಮಿಷನರ್ ಎಂಬ ಕ್ರಮವು ಏರ್ಪಟ್ಟಿತು. ಪಂಚಾಯಿತರ ಮೂಲಕ ವ್ಯಾಜ್ಯಗಳನ್ನು ತೀರಿಸುವ ಪದ್ಧತಿಗೆ ಅವಕಾಶವಿದ್ದಿತು. ಸೈನ್ಯದಿಂದ ಬಂದವನೊಬ್ಬನು ಸಕಲವನ್ನೂ ತನ್ನ ಶಿಬಿರದ ಶಿಸ್ತಿಗೆ ಒಳಪಡಿಸುವನೆಂದು ನಿರೀಕ್ಷಿಸುವುದು ಸಹಜ. ಕಬ್ಬನ್ನನು ಹಾಗೆ ಮಾಡಲಿಲ್ಲ. ಹೊಸ ದಾರಿಯನ್ನು ಹುಡುಕುವುದಕ್ಕಿಂತ, ಬಂಡಿ ನಡೆದ ಜಾಡಿನಲ್ಲಿಯೇ ಕಲ್ಲುಮುಳ್ಳುಗಳನ್ನು ತೆಗೆಯುವುದು ಲೇಸೆಂಬುದು ಕಮಿಸರಿಯಟಿನವನ ಅನುಭವ. ಆ ಅನುಭವವೇ ಅವನ ರಾಜನೀತಿಯಾಯಿತೆಂದು ನಮಗೆ ತೋರುತ್ತದೆ.

4. ತೆರಿಗೆಗಳ ಕಥೆ

ಕಬ್ಬನ್ನನ ಕೀರ್ತಿಗೆ ಎಲ್ಲಕ್ಕಿಂತ ಮಿಗಿಲಾದ ಆಧಾರವೆಂದರೆ ಅವನು ತೆಗೆದುಹಾಕಿದ ತೆರಿಗೆಗಳು. ಭೂಕಂದಾಯವಲ್ಲದೆ ನಾಡಿನ ಮೂಲೆಮೂಲೆಗಳಲ್ಲಿ ಬಗೆಬಗೆಯ ಚಿಲ್ಲರೆ ತೆರಿಗೆಗಳು ಶತಮಾನಗಳಿಂದ ಬೆಳೆದುಕೊಂಡು ಬಂದಿದ್ದುವು. ಅವುಗಳಲ್ಲಿ 769 ಬಾಬುಗಳನ್ನು ಅವನ ಆಡಳಿತದಲ್ಲಿ ರದ್ದುಪಡಿಸಲಾಯಿತು. ಈ ಪಟ್ಟಿಯಲ್ಲಿ ಮದುವೆಗೆ ತೆರಿಗೆಯಿದ್ದಿತು. ಮಗು ಹುಟ್ಟಿದುದಕ್ಕೆ ತೆರಿಗೆಯಿದ್ದಿತು. ಅದಕ್ಕೆ ಹೆಸರಿಟ್ಟುದಕ್ಕೆ, ಚೌಲ ಮಾಡಿಸಿದುದಕ್ಕೆ ಬೇರೆ ಬೇರೆ ತೆರಿಗೆಗಳಿದ್ದುವು. ಒಂದು ಗ್ರಾಮದವರು, ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆಯು ತಪ್ಪಿಸಿಕೊಂಡಾಗ ತಮ್ಮ ಪೂರ್ವಿಕರು ಅದನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ, ತಲೆತಲಾಂತರವಾಗಿ ಹಣ ತೆರುತ್ತಿದ್ದರು. ನಗರ ಪ್ರಾಂತದ ಒಂದು ಸ್ಥಳವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದವನು ತೆರಿಗೆ ಕೊಡಬೇಕಾಗಿದ್ದಿತು!

ವಾಚಕರು ಇದನ್ನು ನಗೆಯ ವಿಷಯವೆಂದು ಭಾವಿಸಬಾರದು. ಇವೆಲ್ಲವೂ ಸರ್ಕಾರದ ದಫ್ತರಗಳಲ್ಲಿ ಆದಾಯದ ಬಾಬುಗಳಾಗಿ ವಿಧಿವತ್ತಾಗಿ ದಾಖಲಾಗಿದ್ದುವು. ಕುದುರೆಯನ್ನು ಕಳೆದುಕೊಂಡ ಪಾಳೆಯಗಾರನು ಹೋದನು, ಅವನ ಪಾಳೆಯವೂ ಹೋಯಿತು, ಕುದುರೆಯಂತೂ ಎಂದೋ ಸತ್ತಿತು. ತೆರಿಗೆ ಮಾತ್ರ ಉಳಿಯಿತು. ರಾಜವಂಶಗಳು ಬದಲಾದರೂ ಶಾನುಭೋಗನ ಕಡತವು ಬದಲಾಗಲಿಲ್ಲ. ಹೀಗೆ ಉಳಿದುಬಂದುದನ್ನು ಒಂದೊಂದಾಗಿ ಎತ್ತಿ ನೋಡಿ ಅಳಿಸುವುದಕ್ಕೆ ಶೌರ್ಯವೂ ಬೇಡ, ಪಾಂಡಿತ್ಯವೂ ಬೇಡ; ಲೆಕ್ಕವನ್ನು ಓದುವ ತಾಳ್ಮೆ ಬೇಕು. ಆ ತಾಳ್ಮೆಯನ್ನು ಕಬ್ಬನ್ನನು ಸೈನ್ಯದ ಉಗ್ರಾಣಗಳಲ್ಲಿ ಕಲಿತಿದ್ದನು.

ಸಾಯರ್ ಎಂದು ಕರೆಯುತ್ತಿದ್ದ ಒಳನಾಡಿನ ಸುಂಕಗಳನ್ನೂ ಕ್ರಮಕ್ರಮವಾಗಿ ಇಳಿಸಲಾಯಿತು. ಬೆಳೆಯನ್ನು ಪಾಲು ಹಂಚಿಕೊಳ್ಳುವ ಬಟಾಯಿ ಪದ್ಧತಿಯ ಜಾಗದಲ್ಲಿ ನಗದು ಕಂದಾಯವು ಹಬ್ಬುತ್ತ ಬಂದಿತು. ಬಟಾಯಿಯಲ್ಲಿ ಸರ್ಕಾರದ ಪಾಲನ್ನು ಅಳೆಯುವವರೆಗೆ ರೈತನು ತನ್ನ ಕಣದಲ್ಲಿಯ ರಾಶಿಯನ್ನು ತಾನೇ ಮುಟ್ಟಲಾರದೆ ಕಾಯಬೇಕಾಗುತ್ತಿದ್ದಿತು. ಕಂದಾಯದ ಕಿಸ್ತುಗಳನ್ನು ಸುಗ್ಗಿಯ ಕಾಲಕ್ಕೆ ಹೊಂದಿಸಿದುದರಿಂದ, ಬೆಳೆಯನ್ನು ಮಾರುವ ಮೊದಲೇ ಸಾಹುಕಾರನಲ್ಲಿ ಸಾಲ ಮಾಡಿ ಕಿಸ್ತು ಕಟ್ಟುವ ದುರ್ದೆಸೆಯು ಎಷ್ಟೋ ಕಡಮೆಯಾಯಿತು.

ಇಷ್ಟು ತೆರಿಗೆಗಳನ್ನು ಬಿಟ್ಟುಕೊಟ್ಟರೂ ಬೊಕ್ಕಸವು ಬರಿದಾಗಲಿಲ್ಲ. ಆಡಳಿತವನ್ನು ವಹಿಸಿಕೊಂಡಾಗ ಸುಮಾರು 44 ಲಕ್ಷ ರೂಪಾಯಿಗಳಿದ್ದ ವಾರ್ಷಿಕ ಆದಾಯವು ಕಬ್ಬನ್ನನು ನಿರ್ಗಮಿಸುವ ವೇಳೆಗೆ ಸುಮಾರು 82 ಲಕ್ಷಕ್ಕೆ ಏರಿತು. ಸಂಸ್ಥಾನದ ಹಳೆಯ ಸಾಲವು ತೀರಿತು. ಆದರೆ ಈ ಅಂಕಿಗಳನ್ನು ಓದುವಾಗ ಮೇಲೆ ಹೇಳಿದ ಪೊಗದಿಯನ್ನು ಮರೆಯಬಾರದು. 44 ಲಕ್ಷದಲ್ಲಿ 24½ ಲಕ್ಷವು ಕಂಪನಿಗೆ ಸಲ್ಲುತ್ತಿದ್ದಿತು. ಅರಮನೆಯ 3½ ಲಕ್ಷವನ್ನೂ ಕಳೆದರೆ ಉಳಿಯುವುದು 16 ಲಕ್ಷ. ಇಡೀ ನಾಡಿನ ಆಡಳಿತ, ಕೆರೆಕಟ್ಟೆಗಳ ದುರಸ್ತಿ, ಪೊಲೀಸು, ಸವಾರರು, ನ್ಯಾಯಾಲಯ ಎಲ್ಲವೂ ಇಷ್ಟರಲ್ಲಿಯೇ ನಡೆಯಬೇಕು. ಕೃಷ್ಣರಾಜ ಒಡೆಯರ ಆಡಳಿತದ ಕೊರತೆಗಳನ್ನು ಎತ್ತಿ ಆಡಿದವರು, ಆದಾಯದ ಅರ್ಧಕ್ಕೂ ಹೆಚ್ಚಿನ ಪಾಲನ್ನು ತಾವೇ ಒಯ್ಯುತ್ತಿದ್ದುದನ್ನು ಹೇಳಲು ಮರೆತರು. ಕಬ್ಬನ್ನನ ಕಾಲದಲ್ಲಿ ಆದಾಯವು ಏರಿದ ಮೇಲೆಯೇ ಈ ಹೊರೆಯು ಹಗುರವಾಗಿ ಕಂಡಿತು.

5. ರಸ್ತೆ, ಕಾಫಿ, ರೈಲು

ಸೈನ್ಯದ ಸರಬರಾಜಿನ ಅಧಿಕಾರಿಗೆ ರಸ್ತೆಯ ಬೆಲೆ ಗೊತ್ತು. 1831ರಿಂದ 1856ರವರೆಗಿನ ಅವಧಿಯಲ್ಲಿ 1,597 ಮೈಲಿಗಳ ರಸ್ತೆಯೂ 309 ಸೇತುವೆಗಳೂ ನಿರ್ಮಾಣವಾದುವೆಂದು ದಾಖಲೆಗಳಿಂದ ತಿಳಿದುಬರುತ್ತದೆ. ಅಲ್ಲಿಯವರೆಗೆ ಎತ್ತಿನ ಬೆನ್ನಿನ ಮೇಲೆ ಹೇರು ಹೊರಿಸಿ ಸಾಗುತ್ತಿದ್ದ ಸರಕು ಗಾಡಿಯ ಮೇಲೆ ಸಾಗತೊಡಗಿತು. ಘಟ್ಟದ ಮೇಲಿನ ದವಸ ಕರಾವಳಿಗೆ ಇಳಿಯುವುದಕ್ಕೂ ಕರಾವಳಿಯ ಉಪ್ಪು ಮೇಲಕ್ಕೆ ಏರುವುದಕ್ಕೂ ಹಾದಿಯು ಸುಗಮವಾಯಿತು. ರೈತನಿಗೆ ಸುಂಕದ ಇಳಿತದಿಂದ ದೊರೆತ ಲಾಭವು ರಸ್ತೆಯಿಂದ ಇಮ್ಮಡಿಯಾಯಿತು. ಆದಾಯವು ಏರಿದ ರಹಸ್ಯದ ಒಂದು ಭಾಗವು ಇಲ್ಲಿದೆ.

ಮಲೆನಾಡಿನಲ್ಲಿ ಕಾಫಿಯ ಬೇಸಾಯವು ಹರಡಿದುದೂ ಈ ಕಾಲದಲ್ಲಿಯೇ. ಕಾಫಿಯ ಮೇಲಣ ಹಾಲತ್ ಎಂಬ ಸುಂಕವನ್ನು ಇಳಿಸಿದುದರಿಂದ ಚಿಕ್ಕಮಗಳೂರು, ಮಂಜರಾಬಾದು ಪ್ರಾಂತಗಳಲ್ಲಿ ತೋಟಗಳು ಎದ್ದುವು. ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲುದಾರಿಯನ್ನು ಹಾಕುವ ಕೆಲಸವು ಅವನ ಕಾಲದಲ್ಲಿ ಆರಂಭವಾಗಿ, ಅವನ ಮರಣಾನಂತರ 1864ರಲ್ಲಿ ಮುಗಿಯಿತು. 1834ರಲ್ಲಿ ಕಂಪನಿಯ ವಶವಾದ ಕೊಡಗಿನ ಮೇಲ್ವಿಚಾರಣೆಯೂ ಮೈಸೂರಿನ ಕಮಿಷನರಿಗೆ ಸೇರಿದ್ದಿತು.

6. ವ್ಯಕ್ತಿಯ ಆಡಳಿತ, ಅದರ ಮಿತಿ

ಇಲ್ಲಿಯವರೆಗೆ ಹೇಳಿದುದು ಗುಣಪಕ್ಷ. ಈ ಆಡಳಿತಕ್ಕೆ ಮಿತಿಗಳೂ ಇದ್ದುವು. ಅವು ಗುಣಗಳ ಬೇರಿನಿಂದಲೇ ಹುಟ್ಟಿದಂಥವು.

ಮೊದಲನೆಯದು, ಅಧಿಕಾರದ ಏಕಮುಖತೆ. ಕಂದಾಯವನ್ನು ಎತ್ತುವವನೂ ನ್ಯಾಯವನ್ನು ಹೇಳುವವನೂ ಪೊಲೀಸನ್ನು ನಡೆಸುವವನೂ ಒಬ್ಬನೇ. ತಾಲ್ಲೂಕಿನಲ್ಲಿ ಅಮಲ್ದಾರ, ವಿಭಾಗದಲ್ಲಿ ಸೂಪರಿಂಟೆಂಡೆಂಟ್, ಸಂಸ್ಥಾನದಲ್ಲಿ ಕಮಿಷನರ್. ಕಮಿಷನರು ಸಜ್ಜನನಾಗಿದ್ದುದರಿಂದ ಕೆಡುಕು ಹೆಚ್ಚಾಗಲಿಲ್ಲವೆಂಬುದು ನಿಜ. ಆದರೆ ಸಜ್ಜನನಲ್ಲದವನು ಬಂದಿದ್ದರೆ ತಡೆಯುವ ಸಾಧನವೇನಿದ್ದಿತು? 1855ರಲ್ಲಿ ಲಾರ್ಡ್ ಡಾಲ್‌ಹೌಸಿಯು ಮೈಸೂರಿಗೆ ಬಂದ ತರುವಾಯ ಈ ದೋಷವನ್ನು ತಿದ್ದುವ ಪ್ರಯತ್ನವಾಯಿತು. 1856ರಲ್ಲಿ ಜುಡಿಷಿಯಲ್ ಕಮಿಷನರ ಹುದ್ದೆಯು ಏರ್ಪಟ್ಟು ನ್ಯಾಯದ ಹೊರೆಯು ಕಬ್ಬನ್ನನ ಹೆಗಲಿನಿಂದ ಇಳಿಯಿತು. ಅದೇ ವರ್ಷ ಲೋಕೋಪಯೋಗಿ ಇಲಾಖೆಯು ಪ್ರತ್ಯೇಕವಾಯಿತು.

ಎರಡನೆಯದು, ವಿದ್ಯಾಭ್ಯಾಸದ ವಿಷಯ. ರಸ್ತೆಗೆ ತೋರಿದ ಆಸ್ಥೆಯನ್ನು ಕಬ್ಬನ್ನನು ಶಾಲೆಗೆ ತೋರಲಿಲ್ಲ. ಅಧಿಕಾರಕ್ಕೆ ಬಂದ 23 ವರ್ಷಗಳ ಮೇಲೆ, 1857ರಲ್ಲಿ, ಅದೂ ಮೇಲಿನ ಸರ್ಕಾರದ ನೀತಿಯ ಫಲವಾಗಿ, ವಿದ್ಯಾ ಇಲಾಖೆಯು ಹುಟ್ಟಿತು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲು 1858ರಲ್ಲಿ ತೆರೆಯಿತು. ಇದ್ದುದನ್ನು ಕಾಪಾಡುವುದರಲ್ಲಿ ನಿಪುಣನಾದವನಿಗೆ ಇಲ್ಲದುದನ್ನು ಬಿತ್ತುವ ಕಲೆಯು ಅಷ್ಟಾಗಿ ಒಲಿಯಲಿಲ್ಲ. ಹುಜೂರಿನ ಹುದ್ದೆಗಳು ಬಹುಮಟ್ಟಿಗೆ ಲೆಕ್ಕಪತ್ರ ಬಲ್ಲ ಕೆಲವೇ ಮನೆತನಗಳವರ ಪಾಲಿಗೆ ಉಳಿದುದಕ್ಕೂ ಈ ವಿದ್ಯೆಯ ಅಭಾವಕ್ಕೂ ಸಂಬಂಧವುಂಟು.

ಮೂರನೆಯದಾಗಿ, ಈ ಆಡಳಿತದ ಆಯುಸ್ಸು ವ್ಯಕ್ತಿಯ ಆಯುಸ್ಸಿನಷ್ಟೇ ಆಯಿತು. 1862ರಲ್ಲಿ ಕಮಿಷನರಾಗಿ ಬಂದ ಲೆವಿನ್ ಬೌರಿಂಗನು ಸಂಸ್ಥಾನವನ್ನು 3 ವಿಭಾಗಗಳಾಗಿಯೂ 8 ಜಿಲ್ಲೆಗಳಾಗಿಯೂ ಹೊಸದಾಗಿ ವಿಂಗಡಿಸಿ, ಬ್ರಿಟಿಷ್ ಪ್ರಾಂತಗಳ ಮಾದರಿಯ ನಿಯಮಗಳನ್ನು ತಂದು, ಭೂಮಾಪನವನ್ನು ಆರಂಭಿಸಿದನು. ಕಬ್ಬನ್ನನ ವ್ಯವಸ್ಥೆಯು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಒಬ್ಬನ ವಿವೇಕದ ಮೇಲೆ ನಿಂತುದು ಅವನೊಡನೆಯೇ ಹೊರಟುಹೋಗುವುದರಲ್ಲಿ ಆಶ್ಚರ್ಯವಿಲ್ಲ.

7. ಮಹಾರಾಜರೂ ಕಮಿಷನರೂ

ಕಬ್ಬನ್ನನಿಗೂ ಕೃಷ್ಣರಾಜ ಒಡೆಯರಿಗೂ ಇದ್ದ ಸಂಬಂಧವು ಸರಳವಾದುದಲ್ಲ. ತಮ್ಮ ಸಿಂಹಾಸನದ ಅಧಿಕಾರವನ್ನು ಅನ್ಯನು ಚಲಾಯಿಸುತ್ತಿರುವುದನ್ನು ಮಹಾರಾಜರು ಮೈಸೂರಿನ ಅರಮನೆಯಲ್ಲಿ ಕುಳಿತು 27 ವರ್ಷ ನೋಡಬೇಕಾಯಿತು. ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಒಬ್ಬರಾದ ಮೇಲೊಬ್ಬ ಗವರ್ನರ್ ಜನರಲನಿಗೆ ಮನವಿ ಮಾಡಿಕೊಂಡರು. ಪ್ರತಿಸಲವೂ ನಿರಾಶೆಯೇ ಫಲವಾಯಿತು. ಆರಂಭದಲ್ಲಿ ಇಬ್ಬರ ನಡುವೆ ಇದ್ದ ಬಿಗುಮಾನವು ಕಾಲಕ್ರಮದಲ್ಲಿ ಸಡಿಲವಾಗಿ ಪರಸ್ಪರ ಗೌರವಕ್ಕೆ ಎಡೆಗೊಟ್ಟಿತು. 1857ರಲ್ಲಿ ಉತ್ತರ ಭಾರತವು ಹೊತ್ತಿ ಉರಿಯುತ್ತಿದ್ದಾಗ ಮೈಸೂರು ಶಾಂತವಾಗಿ ಉಳಿದುದಕ್ಕೆ ಕಮಿಷನರ ಎಚ್ಚರದಷ್ಟೇ ಮಹಾರಾಜರ ಸಹಕಾರವೂ ಕಾರಣ.

ಇವರಿಬ್ಬರನ್ನೂ ಒಂದೇ ಪಕ್ಷದಲ್ಲಿ ನಿಲ್ಲಿಸಿದ ಪ್ರಸಂಗವು 1860ರಲ್ಲಿ ಒದಗಿತು. ಮೈಸೂರಿನ ಮೇಲ್ವಿಚಾರಣೆಯನ್ನು ಭಾರತ ಸರ್ಕಾರದಿಂದ ತಪ್ಪಿಸಿ ಮದರಾಸು ಸರ್ಕಾರಕ್ಕೆ ವಹಿಸಬೇಕೆಂದು ಲಂಡನ್ನಿನಲ್ಲಿ ತೀರ್ಮಾನವಾಯಿತು. ಹಾಗಾದರೆ ಮೈಸೂರು ಮದರಾಸಿನ ಒಂದು ಜಿಲ್ಲೆಯ ಮಟ್ಟಕ್ಕೆ ಇಳಿಯುವ ಭಯವಿದ್ದಿತು. ಮಹಾರಾಜರು ಲಾರ್ಡ್ ಕ್ಯಾನಿಂಗನಿಗೆ ತೀವ್ರವಾದ ಪ್ರತಿಭಟನೆಯನ್ನು ಕಳುಹಿಸಿದರು. ಕಬ್ಬನ್ನನು ತನ್ನ ಹುದ್ದೆಗೆ ರಾಜೀನಾಮೆ ಕೊಡಲು ಮುಂದಾದನು. ತನಗೆ ಕೆಲಸ ಕೊಟ್ಟ ಸರ್ಕಾರದ ತೀರ್ಮಾನವೊಂದನ್ನು ಒಪ್ಪದೆ, ತಾನು ಆಳುತ್ತಿದ್ದ ನಾಡಿನ ಪ್ರತ್ಯೇಕ ಅಸ್ತಿತ್ವದ ಪರವಾಗಿ ಆ ಮುದುಕ ಸೈನಿಕನು ನಿಂತನು. ಕ್ಯಾನಿಂಗನು ವರ್ಗಾವಣೆಯನ್ನು ಹಿಂತೆಗೆದುಕೊಂಡನು. ಆದರೆ ಅಷ್ಟರಲ್ಲಿ ಕಬ್ಬನ್ನನ ದೇಹಸ್ಥಿತಿಯು ಕೆಟ್ಟಿದ್ದಿತು. ಲೆಫ್ಟಿನೆಂಟ್ ಜನರಲ್ ಪದವಿಯನ್ನು ಪಡೆದಿದ್ದ ಅವನು 1861ರ ಮೊದಲ ತಿಂಗಳುಗಳಲ್ಲಿ ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ಹೊರಟನು. ಅದೇ ವರ್ಷದ ಏಪ್ರಿಲಿನಲ್ಲಿ ಮಾರ್ಗಮಧ್ಯದ ಸೂಯೆಜ್ಜಿನಲ್ಲಿ ಮೃತನಾದನು. ಅವನ ದೇಹವನ್ನು ಮಾಗೋಲ್ಡಿಗೆ ಒಯ್ದು ಸಮಾಧಿ ಮಾಡಿದರು. 60 ವರ್ಷಗಳ ಹಿಂದೆ ಬಿಟ್ಟುಹೋದ ಊರನ್ನು ಅವನು ಕಣ್ಣಾರೆ ಮತ್ತೆ ಕಾಣಲಿಲ್ಲ.

8. ಉಪಸಂಹಾರ

ಕಬ್ಬನ್ನನ ಸಫಲತೆಗೆ ಮೂಲವಾವುದೆಂಬ ಪ್ರಶ್ನೆಗೆ ನಮ್ಮ ಉತ್ತರವು ಈಗ ಸ್ಪಷ್ಟವಾಗಿರಬಹುದು. ಪೂರ್ಣಯ್ಯನವರೂ ಅವರಿಗಿಂತ ಹಿಂದಿನವರೂ ಕಟ್ಟಿದ್ದ ಆಡಳಿತದ ಸೌಧವನ್ನು ಅವನು ಕೆಡವಲಿಲ್ಲ. ಅದರೊಳಗೆ ತುಂಬಿದ್ದ ಕಸವನ್ನು ಗುಡಿಸಿದನು. ಗುಡಿಸುವುದಕ್ಕೆ ಬೇಕಾದ ಸಹನೆ, ಲೆಕ್ಕದ ಶುದ್ಧತೆ, ಸ್ಥಳೀಯ ಸಂಪ್ರದಾಯದ ಗೌರವ ಇವು ಅವನಲ್ಲಿದ್ದುವು. ಈ ಕೆಲಸದಲ್ಲಿ ಹೆಸರು ಉಳಿಯದ ನೂರಾರು ಅಮಲ್ದಾರರೂ ಶಿರಸ್ತೇದಾರರೂ ಶಾನುಭೋಗರೂ ಪಾಲುಗಾರರು. ಒಬ್ಬ ಕಮಿಷನರೂ ನಾಲ್ವರು ಸೂಪರಿಂಟೆಂಡೆಂಟರೂ ಆಳಿದರೆಂದು ಹೇಳುವುದು ಮಾತಿನ ರೂಢಿ. ಆಳಿಸಿದುದು ಕನ್ನಡದ ಕಡತ.

ಎರಡನೆಯ ಪ್ರಶ್ನೆಯು ಇನ್ನೂ ಗಹನವಾದುದು. ಒಳ್ಳೆಯ ಆಡಳಿತವು ನ್ಯಾಯವಾದ ಹಕ್ಕಿನ ಸ್ಥಾನವನ್ನು ತುಂಬಬಲ್ಲುದೆ? ನಾಡು ಸುಭಿಕ್ಷವಾಗಿದೆಯೆಂಬುದೇ ಅದನ್ನು ಒಡೆಯರಿಗೆ ಹಿಂದಿರುಗಿಸದಿರಲು ಕಾರಣವಾಯಿತು. ಕಬ್ಬನ್ನನು ಎಷ್ಟು ಚೆನ್ನಾಗಿ ಆಳಿದನೋ ಅಷ್ಟರಮಟ್ಟಿಗೆ ಮಹಾರಾಜರ ಮನವಿಗೆ ಬೆಲೆಯು ಕುಗ್ಗುತ್ತ ಹೋಯಿತು. 1833ರ ವರದಿಗೆ ಸಹಿ ಮಾಡಿದವನ ದಕ್ಷತೆಯೇ ಆ ವರದಿಯ ಧ್ವನಿಯನ್ನು ಅಡಗಿಸಿತು. ಕೃಷ್ಣರಾಜ ಒಡೆಯರು ತಮ್ಮ ದತ್ತಪುತ್ರನ ಹಕ್ಕಿಗೆ ಮನ್ನಣೆಯನ್ನು ಪಡೆದು 1868ರಲ್ಲಿ ಕಾಲವಾದರು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಅರ್ಧ ಶತಮಾನದ ಸುವ್ಯವಸ್ಥೆಯು ಒಂದು ತಪ್ಪನ್ನು ಮರೆಸಿತೇ ಹೊರತು ಅದನ್ನು ಸರಿಯೆಂದು ಸ್ಥಾಪಿಸಲಾರದೆ ಹೋಯಿತೆಂಬುದಕ್ಕೆ ಆ ಪುನಃಪ್ರದಾನವೇ ಸಾಕ್ಷಿ.

ಹಾಗೆಂದು ಕುದುರೆಯ ತೆರಿಗೆಯಿಂದ ಬಿಡುಗಡೆ ಹೊಂದಿದ ಆ ಗ್ರಾಮದವರಿಗೆ ಕಬ್ಬನ್ನನ ಆಡಳಿತವು ಅನ್ಯಾಯವಾಗಿ ಕಂಡಿರಲಾರದು. ಇತಿಹಾಸಕಾರನು ಅವರ ನೆಮ್ಮದಿಯನ್ನೂ ಅರಮನೆಯ ಅಳಲನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ತೀರ್ಪು ಕೊಡಬೇಕಾಗಿಲ್ಲ. ಎರಡನ್ನೂ ನಿಜವೆಂದು ಬರೆದಿಡಬೇಕು. ಬ್ಯಾರನ್ ಮರೋಚೆಟ್ಟಿಯು ನಿರ್ಮಿಸಿದ ಕಬ್ಬನ್ನನ ಅಶ್ವಾರೂಢ ಪ್ರತಿಮೆಯು 1866ರಲ್ಲಿ ಬೆಂಗಳೂರಿನ ದಂಡಿನ ಕವಾಯತು ಮೈದಾನದಲ್ಲಿ ಸ್ಥಾಪಿತವಾಗಿ, ತರುವಾಯ ಅಠಾರಾ ಕಚೇರಿಯ ಮುಂದಕ್ಕೆ ಬಂದು, 2020ರಲ್ಲಿ ಉದ್ಯಾನದ ಒಳಕ್ಕೆ ಸ್ಥಳಾಂತರವಾಯಿತು. ಪ್ರತಿಮೆಯ ಜಾಗವನ್ನು ಆಯಾ ಕಾಲದವರು ಆರಿಸಿಕೊಳ್ಳುತ್ತಾರೆ. ಆ ಮನುಷ್ಯನ ಕಾರ್ಯವನ್ನು ಅಳೆಯುವ ಕೆಲಸಕ್ಕೆ ಮಾತ್ರ ಅಳಿಸಿದ 769 ಬಾಬುಗಳ ಪಟ್ಟಿಯನ್ನೂ ಹಿಂದಿರುಗಿಸದ ರಾಜ್ಯದ ಮನವಿಪತ್ರಗಳನ್ನೂ ಜೊತೆಯಾಗಿ ತೆರೆದಿಟ್ಟುಕೊಂಡು ಓದುವುದೇ ಸರಿಯಾದ ಮಾರ್ಗವೆಂದು ನಾವು ಭಾವಿಸುತ್ತೇವೆ.